ಸೋಲಾರಿನೊಳಗಿನ ಬದನೆ, ಹಟ್ಟಿ ಮಾಡಿನಡಿಯ ಬದನೆ

ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆ ಕಳೆದ ಮಾರನೇ ದಿನ ಒಂದೇ ಪೊಟ್ಟಣದ ಬದನೆ ಬೀಜವನ್ನು ಎರಡು ಪಾಲು ಮಾಡಿದೆ. ಒಂದು ಪಾಲು ನನಗೆ, ಒಂದು ಅಮ್ಮನಿಗೆ. ಹಸಿಮೆಣಸಿನದ್ದೂ ಹಾಗೆಯೇ. ಬದನೆ ‘ಹರಿತ’, ಮೆಣಸು ‘ಉಜ್ವಲ’. ಎರಡೂ ಕೇರಳ ಕೃಷಿ ವಿಶ್ವವಿದ್ಯಾನಿಲಯದ ತಳಿಗಳು, ಸೊರಗು ರೋಗ ತಾಳಿಕೊಳ್ಳುವಂಥವು. ನಮ್ಮ ಮುರಮಣ್ಣಿನಲ್ಲಿ ಬೇರೆ ಬದನೆ ಹಾಕಿ ಹೂ ಬಿಡುವ ಹೊತ್ತಿಗೆ ಸಾಲುಸಾಲೇ ಬಾಡಿ ನಿಂತದ್ದನ್ನು ಎರಡು ವರ್ಷ ನೋಡಿ ಸಾಕಾಗಿತ್ತು.

ನನ್ನ ಪಾಲು ಸೋಲಾರಿಗೆ ಹೋಯಿತು. ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಸೋಲಾರ್ ಅಂದರೆ ಕರೆಂಟಿನದ್ದಲ್ಲ. ಅಡಕೆ ಒಣಗಿಸಲು ಅಂಗಳದಲ್ಲಿ ಪೈಪು ನಿಲ್ಲಿಸಿ ಬಿಸಿಲು ತಾಳುವ ಪ್ಲಾಸ್ಟಿಕ್ (ಯುವಿ) ಶೀಟು ಹೊದೆಸಿದ ಮನೆ. ಮಳೆಗಾಲವಿಡೀ ಅದು ಖಾಲಿ ಬಿದ್ದಿರುತ್ತದೆ. ಹೊರಗೆ ಹಸಿರುಮನೆ ಕಟ್ಟಲು ಲಕ್ಷಗಟ್ಟಲೆ ಸುರಿಯುವವರನ್ನು ನೋಡಿದಾಗ, ನಮ್ಮಲ್ಲಿ ಕೂತಲ್ಲೇ ಒಂದುಂಟಲ್ಲ ಅನ್ನಿಸಿತ್ತು. 98 ಕುಳಿಯ ಪ್ಲಾಸ್ಟಿಕ್ ಸಸಿ ತಟ್ಟೆ (ಪ್ರೊಟ್ರೇ), ತೊಳೆದ ತೆಂಗಿನ ನಾರಿನ ಹುಡಿ (ಕೊಕೊಪಿಟ್), ಅರ್ಧ ಬದನೆ, ಅರ್ಧ ಮೆಣಸು. ಅಮ್ಮನದ್ದು ಹಳೇ ಕ್ರಮ: ನೆನೆಸಿದ ಅಡಕೆ ಹಾಳೆಯನ್ನು ಮಡಚಿ ಕಡ್ಡಿ ಚುಚ್ಚಿ ಮಾಡಿದ ದೊನ್ನೆ, ಬುಡಕ್ಕೆ ಮೊಳೆಯಲ್ಲಿ ಮೂರು ತೂತು, ಒಳಗೆ ಸುಡುಮಣ್ಣು ಮತ್ತು ಹುಡಿಯಾದ ಹಟ್ಟಿಗೊಬ್ಬರ. ಅವನ್ನು ದನದ ಹಟ್ಟಿಯ ಮಾಡಿನಡಿ, ಹನಿ ಬೀಳುವ ಗೆರೆಯಿಂದ ಒಂದು ಮೊಳ ಒಳಗೆ ಸಾಲಾಗಿ ಇಟ್ಟರು.

ಮೊದಲ ಹೊಡೆತ ನನಗೇ ಬಿತ್ತು. ಮಳೆ ಇನ್ನೂ ಹಿಡಿದಿರಲಿಲ್ಲ. ಅಡಕೆಗೆಂದು ತೂಗಹಾಕಿದ್ದ ಥರ್ಮಾಮೀಟರ್ ಮಧ್ಯಾಹ್ನ ಎರಡಕ್ಕೆ 47 ತೋರಿಸಿತು. ಕೊಕೊಪಿಟ್ಟಿನ ಮೇಲ್ಪದರ ದೋಸೆಯ ಅಂಚಿನ ಹಾಗೆ ಎದ್ದು ಬಂದಿತ್ತು. ಹಳೇ ಗೋಣಿ ಒದ್ದೆ ಮಾಡಿ ಹೊದೆಸಿ ಹೇಗೋ ಉಳಿಸಿದೆ. ಏಳನೇ ದಿನಕ್ಕೆ 49 ಬದನೆ ಕುಳಿಗಳಲ್ಲಿ 43 ಮೊಳೆತವು. ಅಷ್ಟರಲ್ಲಿ ಮಳೆ ಹಿಡಿಯಿತು. ಇನ್ನು ನಿಶ್ಚಿಂತೆ ಅಂದುಕೊಂಡು ಇರಚಲು ಬಾರದಂತೆ ನಾಲ್ಕೂ ಬದಿಯ ಶೀಟು ಇಳಿಸಿ ಕಟ್ಟಿದೆ.

ಐದು ದಿನ ಬಿಟ್ಟು ನೋಡುವಾಗ 26 ಉಳಿದಿದ್ದವು. ಸಸಿಗಳು ಮಲಗಿದ್ದವು, ಎಲೆ ಇನ್ನೂ ಹಸಿರೇ. ಒಂದನ್ನು ಕಿತ್ತು ಕನ್ನಡಕ ಹಾಕಿ ನೋಡಿದರೆ ಮಣ್ಣಿನ ಮಟ್ಟದಲ್ಲಿ ದಂಟು ನೀರಲ್ಲಿ ಬೆಂದ ಹಾಗೆ ಕಂದಾಗಿ ನೂಲಿನಷ್ಟು ಸಪೂರವಾಗಿತ್ತು. ಸಸಿ ಕೊಳೆ. ಇದನ್ನು ತರುವ ಪಿಥಿಯಂ ಎಂಬ ಸೂಕ್ಷ್ಮಜೀವಿ, ಅಡಕೆಗೆ ಕೊಳೆರೋಗ ತರುವ ಫೈಟಾಫ್ತೊರದ ದಾಯಾದಿ. ಎರಡರ ಬೀಜಕಣಗಳೂ ನೀರಿನಲ್ಲಿ ಈಜಿಕೊಂಡು ಹೋಗುತ್ತವೆ. ಅಡಕೆ ಮರಕ್ಕೆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿಯಲ್ಲಿದ್ದ ನನಗೆ ಟ್ರೇಯಲ್ಲಿ ಅದರ ತಮ್ಮ ಕೂತದ್ದು ಹೊಳೆಯಲೇ ಇಲ್ಲ. ಇನ್ನೊಂದು ಕಂಡದ್ದು: ಶೀಟಿನ ಒಳಮೈಗೆ ಕಟ್ಟಿದ ಬೆವರು ಅಡ್ಡಪೈಪಿನ ತನಕ ಜಾರಿ ಬಂದು ಅಲ್ಲಿಂದ ಒಂದೇ ಗೆರೆಯಲ್ಲಿ ತೊಟ್ಟಿಕ್ಕುತ್ತಿತ್ತು. ಆ ಗೆರೆಯಡಿಯ ಏಳು ಕುಳಿಗಳಲ್ಲಿ ಒಂದೂ ಬದುಕಿರಲಿಲ್ಲ. ಹೊರಗಿನ ಮಳೆ ತಪ್ಪಿಸಿ ಒಳಗೊಂದು ಮಳೆ ಬರಿಸಿದ್ದೆ.

ಅಕ್ಕನ ಮಗಳು ಕೆನಡಾದಲ್ಲಿ ಇದೇ ಕೆಲಸ ಮಾಡುತ್ತಾಳೆ. ಎಪ್ರಿಲಿನಲ್ಲಿ ಹೊರಗೆ ಹಿಮ ಬೀಳುತ್ತಿರುವಾಗ ಹಸಿರುಮನೆಯೊಳಗೆ ಟೊಮೆಟೊ ಬೀಜ. ಮಣ್ಣು ಹತ್ತು ಡಿಗ್ರಿಯಲ್ಲಿದ್ದರೆ ಆ ಬೀಜ ಮೊಳೆಯಲು ತಿಂಗಳು ದಾಟುತ್ತದೆ, ಇಪ್ಪತ್ತೈದು ಇದ್ದರೆ ವಾರ ಸಾಕು. ಅದಕ್ಕೆ ಟ್ರೇಯಡಿಗೆ ಕರೆಂಟಿನ ಚಾಪೆ, ಸಂಜೆಯಾದರೆ ಬಾಗಿಲು ಭದ್ರ. ಫೋಟೊ ಕಳಿಸಿದೆ. “ನನ್ನದೂ ಹೀಗೆಯೇ ಸತ್ತದ್ದು ಮಾವ, ಕಿಟಕಿ ತೆರೆಯದೆ” ಅಂದಳು. ಅವಳಿಗೆ ಬಾಗಿಲು ಮುಚ್ಚಲು ಒಂದು ಕಾರಣವಾದರೂ ಉಂಟು. ಮಳೆಗಾಲದಲ್ಲೂ ಇಪ್ಪತ್ತೈದರ ಆಸುಪಾಸು ಇರುವ ಊರಲ್ಲಿ ನಾನು ಯಾವ ಚಳಿಗೆ ಮುಚ್ಚಿದ್ದು?

ಎರಡನೇ ಸಲ ಬದಿಯ ಶೀಟು ಸೊಂಟದ ಎತ್ತರಕ್ಕೆ ಸುತ್ತಿ ಕಟ್ಟಿದೆ, ಟ್ರೇಗಳನ್ನು ಪೈಪಿನ ಗೆರೆ ತಪ್ಪಿಸಿ ಬೆಂಚಿನ ಮೇಲಿಟ್ಟೆ, ಕೊಕೊಪಿಟ್ಟಿಗೆ ರೋಗ ತಡೆಯುವ ಶಿಲೀಂಧ್ರವಾದ ಟ್ರೈಕೋಡರ್ಮಾ ಬೆರೆಸಿದ ಹಟ್ಟಿಗೊಬ್ಬರ ಸೇರಿಸಿದೆ, ನೀರು ಬೆಳಿಗ್ಗೆ ಮಾತ್ರ. 49ರಲ್ಲಿ 41 ಉಳಿದವು. ಬರೀ ಕೊಕೊಪಿಟ್ಟಿನಲ್ಲಿ ಸಾರ ಏನೂ ಇಲ್ಲ, ಎರಡೆಲೆಯಾದ ಮೇಲೆ ಸಸಿ ಹಳದಿ ತಿರುಗುತ್ತದೆ. ಮೊದಲ ಸಲ ಅದನ್ನೂ ಕಂಡಿದ್ದೆ.

ಅಮ್ಮನ ಇಪ್ಪತ್ತು ದೊನ್ನೆಗಳಲ್ಲಿ ಕೊಳೆ ಹೆಚ್ಚುಕಡಿಮೆ ಬರಲೇ ಇಲ್ಲ. ಸುಟ್ಟ ಮಣ್ಣಿನಲ್ಲಿ ರೋಗದ ಬೀಜವೂ ಸುಟ್ಟಿರುತ್ತದೆ, ಹಟ್ಟಿ ಬದಿಯಲ್ಲಿ ಗಾಳಿಯೂ ಧಾರಾಳ. ಬೆಳಕು ಮಾತ್ರ ಸಾಲದು. ಎಲ್ಲ ಸಸಿಗಳೂ ತೋಟದ ಕಡೆಗೆ ಕುತ್ತಿಗೆ ಚಾಚಿದ್ದವು. ಅಮ್ಮ ದಿನಾ ಹಾಲು ಕರೆದು ಬರುವಾಗ ದೊನ್ನೆಗಳನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರು. ಅಷ್ಟು ಮಾಡಿಯೂ ಒಂದು ರಾತ್ರಿ ಬಸವನಹುಳು ಬಂದು ಆರು ದೊನ್ನೆ ಬೋಳಿಸಿತು. ಬೆಳಿಗ್ಗೆ ಅದರ ಲೋಳೆಯ ದಾರಿ ಮಾತ್ರ ಹೊಳೆಯುತ್ತಿತ್ತು. ನನ್ನ ಬೆಂಚಿಗೆ ಅದು ಹತ್ತಲಿಲ್ಲ.

ನಡುವೆ ಒಂದು ನರ್ಸರಿಯಿಂದ ಸಸಿಯನ್ನೂ ತಂದೆ, ಒಂದಕ್ಕೆ ಮೂರು ರೂಪಾಯಿ. ಅದರ ಬಗ್ಗೆ ಬರೆಯಲು ಹೆಚ್ಚಿಲ್ಲ. ಗುಳ್ಳ (ದುಂಡಗಿನ ಹಸಿರು ಬದನೆ) ಅಂತ ಕೊಟ್ಟದ್ದು ನೇರಳೆ ಬಣ್ಣದ ಉದ್ದ ಬದನೆಯಾಯಿತು, ಅದೂ ನಾಲ್ಕು ಗಿಡದಲ್ಲಿ, ಉಳಿದವು ಸೊರಗಿದವು. ಅರ್ಜೆಂಟಿಗೆ ಆದೀತು, ತಳಿ ಯಾವುದೆಂದು ಗೊತ್ತಾಗಬೇಕಾದವರಿಗೆ ಆಗದು.

ನೆಡುವಾಗ ಟ್ರೇಯ ಸಸಿಯದ್ದೇ ಚಂದ. ಕುಳಿಯಡಿಗೆ ಬೆರಳು ಒತ್ತಿದರೆ ಬೇರಿನ ಮುದ್ದೆ ಬಿರಡೆಯ ಹಾಗೆ ಎದ್ದು ಬರುತ್ತದೆ, ಒಂದು ಬೇರೂ ಹರಿಯುವುದಿಲ್ಲ. ಬದನೆ, ಮೆಣಸಿಗೆ ನಾನು ಇನ್ನು ಸೋಲಾರನ್ನೇ ಹಿಡಿಯುವವನು, ಬದಿ ತೆರೆದಿಟ್ಟು. ಮೆಣಸು ಬದನೆಗಿಂತ ನಿಧಾನ, ಹನ್ನೊಂದು ದಿನ ತೆಗೆದುಕೊಂಡಿತು, ಅಷ್ಟು ದಿನ ಹಟ್ಟಿ ಬದಿಯಲ್ಲಿ ಕಾಯುವುದು ಕಷ್ಟ. ಆದರೆ ಸೌತೆ, ಪಡುವಲ, ಹೀರೆಯ ಬೇರು ಮುಟ್ಟಿದರೆ ಮುನಿಯುವ ಜಾತಿ. ಟ್ರೇಯಲ್ಲಿ ಹಾಕಿದ ಹತ್ತು ಪಡುವಲದಲ್ಲಿ ನೆಟ್ಟ ಮೇಲೆ ಹಂಬು ಬಿಟ್ಟದ್ದು ಐದು. ಹಾಳೆ ಸಮೇತ ಗುಂಡಿಗಿಳಿಸಿದ ಅಮ್ಮನವು ಒಂಬತ್ತೂ ಚಪ್ಪರ ಹತ್ತಿದವು. ಹಾಳೆ ಅಲ್ಲೇ ಕುಂಬಾಗಿ ಮಣ್ಣಾಯಿತು.

ಬರುವ ವರ್ಷಕ್ಕೆ ತೊಡಕು ಬೇರೆಯೇ ಉಂಟು. ಪತ್ತನಾಜೆಯ ಹೊತ್ತಿಗೆ ಸೋಲಾರಿನಲ್ಲಿ ಅಮ್ಮನ ಹಲಸಿನ ಹಪ್ಪಳ ಹರಡಿರುತ್ತದೆ. “ಹಪ್ಪಳ ಒಣಗಿ ಡಬ್ಬಿ ಸೇರಲಿ, ಆಮೇಲೆ ನಿನ್ನ ಟ್ರೇ” ಅಂದಿದ್ದಾರೆ. ಮೂಲೆಯಲ್ಲಿ ಒಂದು ಬೆಂಚಿನಷ್ಟು ಜಾಗ ಕೇಳಿದ್ದೇನೆ, ಪೈಪಿನ ಗೆರೆಯಿಂದ ಆಚೆಗೆ.