ಗೊಂಬೆ ಬಿಡಿ, ಅಚ್ಚು ನೋಡಿ: ಒಂದು ಪಳೆಯುಳಿಕೆ ಪೆಟ್ಟಿಗೆಯ ವಿಮರ್ಶೆ

ಮಕ್ಕಳ ವಿಜ್ಞಾನ ಪುಸ್ತಕಗಳಿಗೆ ಚಿತ್ರ ಬಿಡಿಸುವುದು ನನ್ನ ಕೆಲಸ. ಡೈನೋಸಾರ್ ಬರೆದೂ ಬರೆದೂ ಸಾಕಾಗಿತ್ತು. ಹಾಗಾಗಿ ಯಾವ ಗುಂಪಿಗೆ ಸೇರಿದ್ದು ಎಂದು ವಿಜ್ಞಾನಿಗಳೇ ಕಿತ್ತಾಡಿದ ಜೀವಿಗಳ ಪೆಟ್ಟಿಗೆಯೊಂದು ಕಣ್ಣಿಗೆ ಬಿದ್ದಾಗ ಹೆಚ್ಚು ಯೋಚಿಸದೆ ತರಿಸಿದೆ. ಒಳಗೆ ಎಂಟು ಜೀವಿಗಳ ರೆಸಿನ್ ಅಚ್ಚುಗಳಿವೆ, ಅಂದರೆ ಪಳೆಯುಳಿಕೆಗಳ ನಕಲು. ಪ್ರತಿಯೊಂದರ ಜೊತೆ ಒಂದು ಬಣ್ಣದ ಗೊಂಬೆ, ಒಂದು ಕಾರ್ಡ್. ಗೋಡೆಗೆ ಅಂಟಿಸುವ ಚಾರ್ಟ್, ಒಂದು ಭೂತಗನ್ನಡಿ. ತಯಾರಿಸಿದವರ ಹೆಸರು ಹೇಳುವುದಿಲ್ಲ, ಯಾಕೆಂದರೆ ಬೈಯುವುದು ಸ್ವಲ್ಪ ಜಾಸ್ತಿಯೇ ಇದೆ. ಅಚ್ಚುಗಳು ಮಾತ್ರ ಬಹಳ ಚೆನ್ನಾಗಿವೆ.

ಅಚ್ಚು ನೋಡಲು ಒಂದು ಉಪಾಯ ಹೇಳುತ್ತೇನೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಬೆಳಕು ಓರೆಯಾಗಿ ಬೀಳುವಂತೆ ಹಿಡಿಯಿರಿ. ಮೇಲಿನಿಂದ ನೋಡಿದಾಗ ಸಪಾಟಾಗಿ ಕಾಣುವ ರೆಸಿನ್ ತುಂಡಿನ ಮೇಲೆ ಗೆರೆಗಳು ಎದ್ದು ನಿಲ್ಲುತ್ತವೆ. ಕಾರ್ಡಿನಲ್ಲಿ ಇದನ್ನು ಬರೆದೇ ಇಲ್ಲ.

ಮೊದಲು ಹ್ಯಾಲುಸಿಜೀನಿಯಾ. ಕೆನಡಾದ ಬರ್ಜೆಸ್ ಶೇಲ್ ಬಂಡೆಯದ್ದು, ಸುಮಾರು 50.8 ಕೋಟಿ ವರ್ಷ ಹಳೆಯದು. ಪ್ರಾಣಿ ಬೆರಳಿನಷ್ಟೂ ಇಲ್ಲ, ಆದರೆ ಇದರಷ್ಟು ಗೋಳು ಹೊಯ್ದುಕೊಂಡ ಜೀವಿ ಇನ್ನೊಂದಿಲ್ಲ. 1911ರಲ್ಲಿ ಚಾರ್ಲ್ಸ್ ವಾಲ್ಕಾಟ್ ಇದನ್ನು ಸಮುದ್ರದ ಹುಳು ಎಂದು ಸೇರಿಸಿಟ್ಟರು. 1977ರಲ್ಲಿ ಸೈಮನ್ ಕಾನ್ವೇ ಮಾರಿಸ್ ಹೊಸ ಹೆಸರು ಕೊಟ್ಟರು, ಜೊತೆಗೆ ಚಿತ್ರವನ್ನೂ. ಆ ಚಿತ್ರದಲ್ಲಿ ಅದು ಮುಳ್ಳುಗಳ ಮೇಲೆ ನಿಂತಿತ್ತು, ಬೆನ್ನ ಮೇಲೆ ಮೆತ್ತನೆಯ ಬಳ್ಳಿಗಳಿದ್ದವು. 1991ರಲ್ಲಿ ರಾಮ್‌ಶೋಲ್ಡ್ ಮತ್ತು ಹೌ ಚೀನಾದ ಪಳೆಯುಳಿಕೆಗಳನ್ನು ನೋಡಿ ಪ್ರಾಣಿಯನ್ನೇ ಮಗುಚಿ ಹಾಕಿದರು. ಬಳ್ಳಿಗಳೇ ಕಾಲು, ಮುಳ್ಳು ಬೆನ್ನಿನದ್ದು! ಆದರೂ ತಲೆ ಯಾವ ಕಡೆ ಎನ್ನುವುದು ಬಗೆಹರಿಯಲಿಲ್ಲ. ಒಂದು ತುದಿಯಲ್ಲಿದ್ದ ಕಪ್ಪು ಮಚ್ಚೆಯನ್ನೇ ಹಲವರು ತಲೆ ಅಂದುಕೊಂಡಿದ್ದರು. 2015ರಲ್ಲಿ ಮಾರ್ಟಿನ್ ಸ್ಮಿತ್ ಮತ್ತು ಜಾನ್ ಬರ್ನಾರ್ಡ್ ಕಾರೋನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಹಿಡಿದಾಗ ಇನ್ನೊಂದು ತುದಿಯಲ್ಲಿ ಎರಡು ಕಣ್ಣು, ಬಾಯಿಯ ಸುತ್ತ ಹಲ್ಲಿನ ಉಂಗುರ ಸಿಕ್ಕವು. ಆ ಮಚ್ಚೆ ಪ್ರಾಣಿ ಹೂತಾಗ ಒಳಗಿಂದ ಹೊರಬಂದ ಕೊಳೆತ ರಸ.

ಪೆಟ್ಟಿಗೆಯ ಅಚ್ಚಿನಲ್ಲಿ ಆ ಮಚ್ಚೆ ಸ್ಪಷ್ಟವಾಗಿದೆ. ತಲೆ ಅಂದುಕೊಂಡವರನ್ನು ದೂರಲು ಮನಸ್ಸೇ ಬರುವುದಿಲ್ಲ, ಅಷ್ಟು ದುಂಡಗೆ, ಅಷ್ಟು ತಲೆಯಂತೆಯೇ ಇದೆ. ಗೊಂಬೆಯಲ್ಲಿ ಮಾತ್ರ ಮಚ್ಚೆಯ ಸುಳಿವೇ ಇಲ್ಲ. ಹಸಿರು ಮೈ, ಕೆಂಪು ಮುಳ್ಳು, ನಗುವ ಮುಖ. ನಗು ಯಾಕೆ ಅಂತ ಮಾತ್ರ ಗೊತ್ತಾಗಲಿಲ್ಲ.

ಅನೋಮಲೋಕಾರಿಸ್ ವಿಷಯದಲ್ಲಿ ಎಡವಟ್ಟು ದೊಡ್ಡದು. ಇದರ ಮುಂಗೈಯನ್ನು 1892ರಲ್ಲಿ ಜೋಸೆಫ್ ವೈಟೀವ್ಸ್ ಸಿಗಡಿಯಂಥ ಒಂದು ಪ್ರಾಣಿಯ ಮೈ ಎಂದು ಬರೆದರು. ಅದೇ ಬಂಡೆಯ ಒಂದು ದುಂಡು ಬಾಯಿಯನ್ನು ವಾಲ್ಕಾಟ್ ಜೆಲ್ಲಿ ಮೀನು ಎಂದು ತಿಳಿದು ಪೇಟೋಯಿಯಾ ಅಂತ ಹೆಸರಿಟ್ಟರು. ಇವೆಲ್ಲ ದೊಡ್ಡ ಬೇಟೆಗಾರ ಪ್ರಾಣಿಯ ಬಿಡಿ ಭಾಗಗಳು ಎಂದು 1985ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ತೋರಿಸಿದರು. ಪೆಟ್ಟಿಗೆಯಲ್ಲಿ ಮುಂಗೈ ಬೇರೆ, ಬಾಯಿ ಬೇರೆ ಅಚ್ಚಾಗಿ ಕೊಟ್ಟಿದ್ದಾರೆ. ಒಳ್ಳೆಯ ಯೋಚನೆ. ಆದರೆ ಕಥೆ 1985ಕ್ಕೆ ಮುಗಿಯುವುದಿಲ್ಲ. ಆ ದುಂಡು ಬಾಯಿ ಪೇಟೋಯಿಯಾ ಎಂಬ ಹತ್ತಿರದ ನೆಂಟನದ್ದು, ಅನೋಮಲೋಕಾರಿಸ್ ಬಾಯಿಯಲ್ಲಿ ಮೂರು ದೊಡ್ಡ ಫಲಕಗಳಿದ್ದವು ಎಂದು 2012ರಲ್ಲಿ ಆಲಿಸನ್ ಡೇಲಿ ಮತ್ತು ಬರ್ಗ್‌ಸ್ಟ್ರೋಮ್ ತೋರಿಸಿದರು. ಹಾಗಾಗಿ ಈ ಗೊಂಬೆಗೆ ಅಂಟಿಸಿರುವುದು ಬೇರೆಯವರ ಬಾಯಿ. ಕಾರ್ಡಿನಲ್ಲಿ ಅದರ ಸುದ್ದಿಯೇ ಇಲ್ಲ. ಚಿತ್ರ ಬಿಡಿಸುವವರು ಇದನ್ನು ನೋಡಿಕೊಂಡು ಬರೆದರೆ ಅಷ್ಟೇ, ಅದೇ ಬಾಯಿ ಇನ್ನೊಂದು ಪುಸ್ತಕಕ್ಕೂ ಹೋಗುತ್ತದೆ.

ಒಪಾಬಿನಿಯಾಗೆ ಐದು ಕಣ್ಣು, ಮುಂದೆ ಒಂದು ಸೊಂಡಿಲು. ಅಚ್ಚು, ಗೊಂಬೆ ಎರಡೂ ಸರಿಯಾಗಿವೆ. ಹೆಲಿಕೋಪ್ರಿಯಾನ್ ಎಂಬ ಶಾರ್ಕ್‌ನಂಥ ಹಳೆಯ ಮೀನಿನ ಗರಗಸದ ಚಕ್ರದಂಥ ಹಲ್ಲಿನ ಸುರುಳಿಯೂ ಚೆಂದ. 1899ರಲ್ಲಿ ಕಾರ್ಪಿನ್ಸ್ಕಿ ಅದನ್ನು ಮೂತಿಯ ಮೇಲೆ ಕೂರಿಸಿದ್ದರು, ಆಮೇಲೆ ಬೆನ್ನು, ಬಾಲ ಎಲ್ಲ ಕಡೆ ಓಡಾಡಿಸಿದರು. 2013ರಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿದ ಮೇಲೆ ಕೆಳದವಡೆಗೆ ಬಂದು ನಿಂತಿದೆ. ಈ ಕಾರ್ಡ್ ಮಾತ್ರ ಹಳೆಯ ಊಹೆಗಳನ್ನೂ ಹೇಳುತ್ತದೆ. ಉಳಿದವೂ ಹೀಗೇ ಇರಬೇಕಿತ್ತು ಅಲ್ವಾ?

ನನಗೆ ಸಿಟ್ಟು ಬಂದದ್ದು ಟುಲ್ಲಿ ಮಾನ್‌ಸ್ಟರ್ ಕಾರ್ಡ್ ಓದಿದಾಗ. ಅಮೆರಿಕದ ಇಲಿನಾಯ್‌ನ ಮೇಜನ್ ಕ್ರೀಕ್‌ನಲ್ಲಿ ಫ್ರಾನ್ಸಿಸ್ ಟುಲ್ಲಿ ಎಂಬ ಹವ್ಯಾಸಿಗೆ ಸಿಕ್ಕಿದ ಈ ಜೀವಿಗೆ ಉದ್ದ ಮೂತಿ, ತುದಿಯಲ್ಲಿ ಇಕ್ಕಳ, ಅಡ್ಡ ಕೋಲಿನ ಎರಡು ತುದಿಗೆ ಕಣ್ಣು. 30 ಕೋಟಿ ವರ್ಷಕ್ಕಿಂತ ಹಳೆಯದು. ಕಾರ್ಡ್ ಹೇಳುವುದು ಒಂದೇ ಸಾಲು: ‘ಇದು ಬೆನ್ನೆಲುಬಿರುವ ಪ್ರಾಣಿ, ಲ್ಯಾಂಪ್ರಿಯ ಬಂಧು.’ (ಲ್ಯಾಂಪ್ರಿ ಅಂದರೆ ದವಡೆಯಿಲ್ಲದ, ಹಾವಿನಂಥ ಮೀನು.) ಮುಗೀತು! 2016ರಲ್ಲಿ ಎರಡು ತಂಡಗಳು ಹಾಗೆ ಹೇಳಿದ್ದು ನಿಜ. ಒಂದು ತಂಡ ಕಿವಿರು, ಬೆನ್ನಹುರಿಯ ಕೆಳಗಿನ ದಂಡದ ಗುರುತು ಕಂಡೆವು ಎಂದಿತು. ಇನ್ನೊಂದು ಕಣ್ಣಿನ ಬಣ್ಣದ ಕಣಗಳನ್ನು ತೋರಿಸಿತು. ಮರುವರ್ಷವೇ ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ. 2023ರಲ್ಲಿ ಜಪಾನಿನ ತಂಡ 150ಕ್ಕೂ ಹೆಚ್ಚು ಮಾದರಿಗಳನ್ನು ಲೇಸರ್‌ನಿಂದ ಮೂರು ಆಯಾಮದಲ್ಲಿ ಅಳೆಯಿತು. ಮೈಯ ಪಟ್ಟಿಗಳು ಕಣ್ಣಿನ ಮುಂದಕ್ಕೂ ಚಾಚಿವೆ, ಬೆನ್ನೆಲುಬಿನ ಪ್ರಾಣಿಗಳಲ್ಲಿ ಹೀಗಿರುವುದಿಲ್ಲ ಎಂದು ಅವರ ವಾದ. ಟಾರ್ಚ್ ಓರೆ ಹಿಡಿದರೆ ಅಚ್ಚಿನ ಮೇಲೆ ಆ ಪಟ್ಟಿಗಳು ಕಾಣುತ್ತವೆ. ಪೆಟ್ಟಿಗೆಯೊಳಗಿನ ಅಚ್ಚೇ ಪೆಟ್ಟಿಗೆಯೊಳಗಿನ ಕಾರ್ಡಿನ ಜೊತೆ ಜಗಳಕ್ಕೆ ನಿಂತಿದೆ!

ಮೆತ್ತನೆ ಪ್ರಾಣಿಗಳ ವಿಷಯದಲ್ಲಿ ಜಗಳ ಸುಮ್ನೆ ಹುಟ್ಟುವುದಿಲ್ಲ. ಲೆಸ್ಟರ್ ವಿಶ್ವವಿದ್ಯಾಲಯದವರು ಲ್ಯಾಂಪ್ರಿ ಮರಿ ಮತ್ತು ಆಂಫಿಯಾಕ್ಸಸ್ ಎಂಬ ಮೀನಿನಂಥ, ಬೆನ್ನೆಲುಬಿಲ್ಲದ ಪುಟ್ಟ ಜೀವಿಗಳನ್ನು ಬೇಕೆಂದೇ ಕೊಳೆಯಲು ಬಿಟ್ಟು ನೋಡಿ 2010ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಗುರುತು ಹಿಡಿಯಲು ಬೇಕಾದ ಹೊಸ ಲಕ್ಷಣಗಳೇ ಮೊದಲು ಕರಗುತ್ತವೆ, ಹಳೆಯ ಸಾಮಾನ್ಯ ಲಕ್ಷಣಗಳು ಕೊನೆವರೆಗೆ ಉಳಿಯುತ್ತವೆ. ಹಾಗಾಗಿ ಕೊಳೆತ ಪ್ರಾಣಿ ತನಗಿಂತ ಹಳೆಯ ಕಾಲದ್ದರಂತೆ ಕಾಣುತ್ತದೆ. ಇಂಥದ್ದೊಂದು ಕಾರ್ಡ್ ಇದ್ದಿದ್ದರೆ ಪೆಟ್ಟಿಗೆಯ ತೂಕವೇ ಬೇರೆ ಇರುತ್ತಿತ್ತು.

ಡಿಕಿನ್ಸೋನಿಯಾ ಅಚ್ಚು ನನಗೆ ಎಲ್ಲಕ್ಕಿಂತ ಇಷ್ಟ. ಅಂಗೈ ಅಗಲದ ಪಟ್ಟಿಪಟ್ಟಿ ದುಂಡು. ರೆಗ್ ಸ್ಪ್ರಿಗ್ ದಕ್ಷಿಣ ಆಸ್ಟ್ರೇಲಿಯಾದ ಎಡಿಯಾಕರಾ ಬೆಟ್ಟಗಳಲ್ಲಿ ಕಂಡು 1947ರಲ್ಲಿ ಹೆಸರಿಟ್ಟರು. ಜೆಲ್ಲಿ ಮೀನು, ಹುಳು, ಕಲ್ಲುಹೂವು ಎಂದೆಲ್ಲ ಕರೆಸಿಕೊಂಡಿತು. 2018ರಲ್ಲಿ ರಷ್ಯಾದ ಬಿಳಿ ಸಮುದ್ರ ತೀರದ ಮಾದರಿಗಳಲ್ಲಿ ಕೊಲೆಸ್ಟರಾಲ್ ಉಳಿಕೆ ಸಿಕ್ಕಿ ಪ್ರಾಣಿ ಎಂಬ ವಾದ ಗಟ್ಟಿಯಾಯಿತು. ಎಡ, ಬಲದ ಪಟ್ಟಿಗಳು ನಡುವೆ ಸರಿಯಾಗಿ ಎದುರಾಗುತ್ತವೆಯೋ ಇಲ್ಲವೋ ಎಂಬುದರ ಮೇಲೂ ವಾದ ನಡೆದಿದೆ. ಗೊಂಬೆ ಮಾಡಿದವರು ಆ ವಾದವನ್ನು ಗುಲಾಬಿ ಬಣ್ಣ ಬಳಿದು ಮುಗಿಸಿಬಿಟ್ಟಿದ್ದಾರೆ. 2021ರಲ್ಲಿ ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಗುಹೆಯ ಛಾವಣಿಯಲ್ಲಿ ಡಿಕಿನ್ಸೋನಿಯಾ ಕಂಡಿತು ಎಂದು ಸುದ್ದಿಯಾಗಿತ್ತು, ನೆನಪಿದೆಯಾ? ಬೇರೆ ತಂಡ ಹೋಗಿ ನೋಡಿದಾಗ ಅದು ಬಂಡೆಯಿಂದ ಕಿತ್ತು ಬರುತ್ತಿತ್ತು. ಹೆಜ್ಜೇನು ಗೂಡಿನ ಉಳಿಕೆ. ಮೊದಲು ಹೇಳಿದವರೂ ಒಪ್ಪಿಕೊಂಡರು.

ಕೋನೋಡಾಂಟ್ ಎಂಬ ಅಳಿದುಹೋದ ಸಮುದ್ರಜೀವಿಯ ಹಲ್ಲುಗಳನ್ನು ದೊಡ್ಡದು ಮಾಡಿ ಕೊಟ್ಟಿದ್ದಾರೆ, ಅಸಲಿ ಹಲ್ಲು ಮಿಲಿಮೀಟರ್ ಲೆಕ್ಕದ್ದು. 1856ರಲ್ಲಿ ಪಾಂಡರ್ ವಿವರಿಸಿದರು. ಯಾರ ಹಲ್ಲು ಎಂದು ತಿಳಿಯದೆಯೇ ಭೂವಿಜ್ಞಾನಿಗಳು ಅದರಿಂದ ಬಂಡೆಯ ವಯಸ್ಸು ಹೇಳುತ್ತಿದ್ದರು. ಬಿಸಿ ತಾಗಿದಷ್ಟು ಹಲ್ಲಿನ ಬಣ್ಣ ಕಪ್ಪಾಗುವುದರಿಂದ, ತೈಲ ಹುಟ್ಟುವಷ್ಟು ಬಂಡೆ ಬಿಸಿಯಾಗಿತ್ತೇ ಎಂದು ತಿಳಿದು ತೈಲ ಹುಡುಕಲೂ ಬಳಸಿದರು. ಸ್ಕಾಟ್ಲೆಂಡಿನ ಗ್ರಾಂಟನ್‌ನ ಒಂದು ಹಳೆಯ ಮಾದರಿಯಲ್ಲಿ ಇಡೀ ಪ್ರಾಣಿ ಗುರುತಿಗೆ ಬಂದದ್ದು 1980ರ ದಶಕದಲ್ಲಿ. ಹಾವುಮೀನಿನಂತೆ ಉದ್ದ ಮೈ, ದೊಡ್ಡ ಕಣ್ಣು.

ಪ್ರೋಟೋಟ್ಯಾಕ್ಸೈಟಿಸ್ ತುಂಡು ಸುಮಾರಾಗಿದೆ. 8 ಮೀಟರ್ ಎತ್ತರ ನಿಲ್ಲುತ್ತಿದ್ದ ಜೀವಿಯನ್ನು ಬೆರಳುದ್ದದ ರೆಸಿನ್‌ನಲ್ಲಿ ಏನು ತೋರಿಸಲಾದೀತು? 1859ರಲ್ಲಿ ಡಾಸನ್ ಮರ ಎಂದರು, ಆಮೇಲೆ ಪಾಚಿ ಎಂದರು, ಆಮೇಲೆ ಶಿಲೀಂಧ್ರ. ಈಚೆಗೆ ಸ್ಕಾಟ್ಲೆಂಡಿನ ರೈನೀ ಚರ್ಟ್ ಬಂಡೆಯ ಮಾದರಿ ನೋಡಿದವರು ಅದೂ ಅಲ್ಲ, ಪೂರ್ತಿ ಅಳಿದುಹೋದ ಬೇರೊಂದು ಕವಲು ಎನ್ನುತ್ತಿದ್ದಾರೆ. ಕಾರ್ಡ್ ಶಿಲೀಂಧ್ರದಲ್ಲೇ ನಿಂತಿದೆ.

ಇನ್ನು ಚಾರ್ಟ್. ಅದನ್ನು ನಾನು ಗೋಡೆಗೆ ಹಚ್ಚಲಿಲ್ಲ. ಇಂದಿನ ಗುಂಪುಗಳಿಗೆ ಒಂದೊಂದು ಡಬ್ಬ ಬರೆದು ಹಳೆಯ ಜೀವಿಗಳನ್ನು ಅದರೊಳಗೆ ತುರುಕಿದ್ದಾರೆ. ಈಗ ವಿಜ್ಞಾನಿಗಳು ಕೆಲಸ ಮಾಡುವುದೇ ಹಾಗಲ್ಲ. ಇಂದು ಬದುಕಿರುವ ಒಂದು ಗುಂಪಿನ ಎಲ್ಲರ ಕೊನೆಯ ಸಾಮಾನ್ಯ ಪೂರ್ವಜ, ಅದರ ಸಂತಾನ, ಇಷ್ಟಕ್ಕೆ ಕ್ರೌನ್ ಗುಂಪು ಎನ್ನುತ್ತಾರೆ. ಅದಕ್ಕಿಂತ ಮೊದಲೇ ಅದೇ ಕೊಂಬೆಯಿಂದ ಕವಲೊಡೆದು ಅಳಿದವು ಸ್ಟೆಮ್ ಗುಂಪು. ಹ್ಯಾಲುಸಿಜೀನಿಯಾ ಇಂದಿನ ವೆಲ್ವೆಟ್ ಹುಳು (ಮೆತ್ತನೆ ಕಾಲುಗಳ ಪುಟ್ಟ ನೆಲಜೀವಿ) ಅಲ್ಲ. ಅದರ ಉಗುರುಗಳು ಒಂದರೊಳಗೊಂದು ಪದರವಾಗಿ ಇರುವುದನ್ನು ನೋಡಿ 2014ರಲ್ಲಿ ಆ ಹುಳುಗಳ ಸ್ಟೆಮ್ ಕೊಂಬೆಯಲ್ಲಿ ಇಟ್ಟರು. ಹೀಗೆ ನೋಡಿದರೆ ಅರ್ಧ ಲಕ್ಷಣ ಇದ್ದು ಅರ್ಧ ಇಲ್ಲದ ಜೀವಿ ತಲೆನೋವಲ್ಲ. ಯಾವ ಲಕ್ಷಣ ಮೊದಲು ಬಂತು, ಯಾವುದು ಆಮೇಲೆ ಎಂದು ಹೇಳುವುದೇ ಅದು. ಡಬ್ಬಗಳ ಬದಲು ಕವಲುಗಳನ್ನು ಬರೆದು, ಅನುಮಾನ ಇದ್ದಲ್ಲಿ ಚುಕ್ಕೆ ಗೆರೆ ಎಳೆದಿದ್ದರೆ ಸಾಕಿತ್ತು.

ಐದರಲ್ಲಿ ಮೂರೂವರೆ ಕೊಡುತ್ತೇನೆ, ಮೂರು ಪೂರ್ತಿ ಅಚ್ಚುಗಳಿಗೇ. ಹತ್ತು ವರ್ಷ ದಾಟಿದ ಮಕ್ಕಳಿಗೆ, ಚಿತ್ರ ಬಿಡಿಸುವವರಿಗೆ ಕೊಡಬಹುದು. ಕಾರ್ಡುಗಳನ್ನು ಮೊದಲು ಬಚ್ಚಿಟ್ಟು, ಅಚ್ಚು ನೋಡಿ ಅವರೇ ಬರೆಯಲಿ, ಆಮೇಲೆ ಗೊಂಬೆ ತೋರಿಸಿ. ತಯಾರಕರಿಗೆ ಒಂದು ಬೇಡಿಕೆಯೂ ಇದೆ. ಮುಂದಿನ ಸಲ ಅಮೆರಿಕದ ಮೊಂಟಾನಾದಲ್ಲಿ ಸಿಕ್ಕ ಟಿಫ್ಲೀಸಸ್ ಎಂಬ ಹಳೆಯ ಜೀವಿಯನ್ನೂ ಸೇರಿಸಿ. ಹೊಟ್ಟೆಯಲ್ಲಿ ಕೋನೋಡಾಂಟ್ ಹಲ್ಲು ಸಿಕ್ಕಿದ್ದಕ್ಕೆ 1973ರಲ್ಲಿ ಅದೇ ಕೋನೋಡಾಂಟ್ ಪ್ರಾಣಿ ಅಂದರು, ಆಮೇಲೆ ನೋಡಿದರೆ ಅದು ಅವನ್ನು ತಿಂದಿತ್ತು. 2022ರಲ್ಲಿ ಬಸವನಹುಳುವಿನ ನಾಲಿಗೆಯಂಥ ಹಲ್ಲಿನ ಸಾಲು ಕಂಡು ಮೃದ್ವಂಗಿ ಇರಬಹುದು ಎಂದಿದ್ದಾರೆ. ಅದಕ್ಕೆ ಗೊಂಬೆ ಬೇಡ, ಅಚ್ಚು ಕೊಟ್ಟರೆ ಸಾಕು.