ಅಮೆರಿಕದ ರಿಪಬ್ಲಿಕನ್ನಾ, ಬ್ರಿಟನ್ನಿನ ಟೋರಿನಾ? ನಿಮ್ಗೆ ಯಾವುದು ಹತ್ತಿರ

ಟೋರಿ ಅಂದ್ರೆ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ. ಇಬ್ರೂ ಬಲಪಂಥೀಯರೇ, ಇಬ್ರಿಗೂ ಟ್ಯಾಕ್ಸ್ ಕಮ್ಮಿ ಇರ್ಬೇಕು, ಆದ್ರೆ ಟ್ಯಾಕ್ಸ್ ಒಂದೇ ನೋಡಿ ಡಿಸೈಡ್ ಮಾಡ್ಬೇಡಿ. ಸ್ವಾತಂತ್ರ್ಯ ಅಂದ್ರೆ ರಿಪಬ್ಲಿಕನ್ನರಿಗೆ ಬಂದೂಕಿನ ಹಕ್ಕೂ ಸೇರುತ್ತೆ, ಟೋರಿ ಸರ್ಕಾರ 1997ರಲ್ಲಿ ತಾನೇ ಬಹುತೇಕ ಪಿಸ್ತೂಲು ಬ್ಯಾನ್ ಮಾಡ್ತು. ಧರ್ಮದ ವಿಷ್ಯದಲ್ಲಂತೂ ಅಜಗಜಾಂತರ, ಅಮೆರಿಕದಲ್ಲಿ ಚರ್ಚಿಗೆ ಹೋಗೋರ ಓಟು, ಗರ್ಭಪಾತಕ್ಕೆ ವಿರೋಧ, ಇವೇ ರಿಪಬ್ಲಿಕನ್ ಪಕ್ಷದ ಬೆನ್ನೆಲುಬು, ಬ್ರಿಟನ್ನಲ್ಲಿ ಟೋರಿ ಪ್ರಧಾನಿ ಕ್ಯಾಮೆರಾನ್ ಸರ್ಕಾರಾನೇ 2013ರಲ್ಲಿ ಸಲಿಂಗ ಮದುವೆಗೆ ಕಾನೂನು ತಂತು, ಅವ್ರದೇ ಎಂಪಿಗಳು ಎಷ್ಟೋ ಜನ ವಿರೋಧ ಮಾಡಿದ್ರೂ. ಕಾಯಿಲೆ ಬಿದ್ದೋರಿಗೆ ಸರ್ಕಾರಿ ಫ್ರೀ ಆಸ್ಪತ್ರೆ ಬೇಕೇ ಬೇಕು ಅನ್ನೋರಿಗೆ ನನ್ನ ಪ್ರಕಾರ ಟೋರಿನೇ ಸರಿ. ಹವಾಮಾನ? 2019ರಲ್ಲಿ ಆಗಿನ ಟೋರಿ ಪ್ರಧಾನಿ ಥೆರೇಸಾ ಮೇ 2050ಕ್ಕೆ ನೆಟ್ ಝೀರೋ (ಬಿಡೋ ಹಸಿರುಮನೆ ಅನಿಲ, ವಾತಾವರಣದಿಂದ ತೆಗೆಯೋದು ಎರಡೂ ಸಮ) ಅಂತ ಕಾನೂನು ಮಾಡಿದ್ರು, ಟೋರಿಗಳ ಈಗಿನ ಲೀಡರ್ ಕೆಮಿ ಬೇಡನಾಕ್ ಅದು ಆಗದ ಮಾತು ಅಂತಾರೆ, ರಿಪಬ್ಲಿಕನ್ ಟ್ರಂಪ್ ಅಂತೂ ಹವಾಮಾನದ ಪ್ಯಾರಿಸ್ ಒಪ್ಪಂದದಿಂದಾನೇ ಹೊರಗೆ ಬಂದ್ರು, ಹಾಗಾಗಿ ಇದ್ರಲ್ಲಿ ಮಾತ್ರ ಇಬ್ರೂ ಹತ್ರ ಹತ್ರ ಬರ್ತಿದಾರೆ, ನಂಗದು ನಿಜವಾಗ್ಲೂ ಬೇಜಾರು.