ಎರಡನೇ ರನ್ನಿಂಗ್ ಬ್ಯಾಕ್‌ನ ಕೆಲಸ ಕಾಣಬೇಕಾದರೆ ಈ ವಿಡಿಯೋ ಚಂದಾ ಬೇಕು, ಆದರೆ ಆಗಸ್ಟ್‌ನಲ್ಲಿ ಅದು ಕೈಕೊಡುತ್ತದೆ

ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್, ಅದರ ಪಂದ್ಯಗಳಿಗೆ ಚಂದಾ ಕಟ್ಟುವ ಮೊದಲು ಎಲ್ಲರೂ ಕೇಳುವುದು ಒಂದೇ. ನೇರಪ್ರಸಾರ ಸರಿಯಾಗಿ ಬರುತ್ತಾ? ಬರುತ್ತದೆ. ನಡುವೆ ನಿಲ್ಲುವುದು ಅಪರೂಪ, ಚಿತ್ರ ಸ್ಪಷ್ಟವಾಗಿದೆ. ಅಷ್ಟೇ ಸಾಕು ಅನ್ನುವವರು ಧೈರ್ಯವಾಗಿ ತೆಗೆದುಕೊಳ್ಳಿ.

ನಾನು ಹೇಳಬೇಕಿರುವುದು ಇದೇ ಚಂದಾದಲ್ಲಿರುವ ಇನ್ನೊಂದು ಸೌಲಭ್ಯದ ಬಗ್ಗೆ. ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಾಣುವ ಕೋಚ್‌ಗಳ ವಿಡಿಯೋ, ‘ಆಲ್-22’ ಅಂತ ಕರೆಯುತ್ತಾರಲ್ಲ, ಅದು. 2012ರವರೆಗೆ ಇದು ತಂಡಗಳ ಕೈಯಲ್ಲೇ ಇತ್ತು, ನಮ್ಮಂಥ ನೋಡುಗರಿಗೆ ಸಿಗುತ್ತಿರಲಿಲ್ಲ. ಈಗ ದುಡ್ಡು ಕೊಟ್ಟರೆ ಸಿಗುತ್ತದೆ. ಸೇವೆಯ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಇಂಥ ವಿಡಿಯೋ ಯಾವ ಚಂದಾದಲ್ಲಿ ಸಿಕ್ಕರೂ ನೋಡಬೇಕಾದ್ದು ಇದೇ, ಕೇಳಬೇಕಾದ ಪ್ರಶ್ನೆಗಳೂ ಇವೇ.

ನಾನು ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಅಭಿಮಾನಿ. ಅದರಲ್ಲೂ ನನ್ನ ಕಣ್ಣು ಸದಾ ಎರಡನೇ, ಮೂರನೇ ರನ್ನಿಂಗ್ ಬ್ಯಾಕ್ ಮೇಲೆ, ಅಂದರೆ ಬಾಲ್ ಹಿಡಿದು ಓಡುವವನಿಗೆ ಬದಲಿಯಾಗಿ ಕಾಯುವವರ ಮೇಲೆ. ಈ ತಂಡವನ್ನು ಪ್ರೀತಿಸುವವರಿಗೆ ಬೇರೆ ದಾರಿಯೂ ಇಲ್ಲ ಬಿಡಿ. ಯಾಕೆ ಅಂತ 2024ರ ಸೀಸನ್ ಒಂದನ್ನೇ ನೋಡಿದರೂ ಗೊತ್ತಾಗುತ್ತದೆ. ಆಗಸ್ಟ್‌ನಲ್ಲೇ ಎಲೈಜಾ ಮಿಚೆಲ್ ಗಾಯಗೊಂಡು ಇಡೀ ಸೀಸನ್‌ಗೆ ಹೊರಗುಳಿದ. ಸೆಪ್ಟೆಂಬರ್ 9ರ ಮೊದಲ ಪಂದ್ಯಕ್ಕೆ ಮೊದಲ ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿ ಇಲ್ಲ. ಅವನ ಜಾಗಕ್ಕೆ ಬಂದ ಜೋರ್ಡನ್ ಮೇಸನ್ ಜೆಟ್ಸ್ ವಿರುದ್ಧ 28 ಸಲ ಬಾಲ್ ಹಿಡಿದು ಓಡಿ 147 ಯಾರ್ಡ್ ತೆಗೆದ. ಅಕ್ಟೋಬರ್‌ನಲ್ಲಿ ಸಿಯಾಟಲ್‌ನಲ್ಲಿ ಅವನ ಭುಜಕ್ಕೆ ಪೆಟ್ಟಾಯಿತು. ಆಗ ಹೊಸ ಹುಡುಗ ಐಸಾಕ್ ಗೆರೆಂಡೋ ಬಂದು ಪಂದ್ಯದ ಕೊನೆ ಹೊತ್ತಿನಲ್ಲಿ ಒಂದೇ ಓಟಕ್ಕೆ 76 ಯಾರ್ಡ್ ಹೋದ. ನವೆಂಬರ್‌ನಲ್ಲಿ ಮೆಕ್ಯಾಫ್ರಿ ಮರಳಿ ಬಂದ, ನಾವೆಲ್ಲ ಉಸಿರು ಬಿಟ್ಟೆವು. ಡಿಸೆಂಬರ್ 1ರಂದು ಬಫಲೋದಲ್ಲಿ ಅವನ ಮೊಣಕಾಲು ಹೋಯಿತು. ಅದೇ ಪಂದ್ಯದಲ್ಲಿ ಮೇಸನ್‌ನ ಕಾಲಿನ ಗಿಣ್ಣೂ ಹೋಯಿತು. ಒಂದು ವಾರ ಕಳೆದು ಬೇರ್ಸ್ ವಿರುದ್ಧ ಮೊದಲಿಗನಾಗಿ ಇಳಿದದ್ದು ಗೆರೆಂಡೋ. ಎರಡು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಬಾಲ್ ಒಯ್ದು ಪಡೆಯುವ ಅಂಕ) ಹೊಡೆದ, ತಂಡ 38-13ರಲ್ಲಿ ಗೆದ್ದಿತು.

ಬೇಸಿಗೆಯಲ್ಲಿ ನಾಲ್ಕನೆಯವನಾಗಿದ್ದ ಹುಡುಗ ಡಿಸೆಂಬರ್‌ನಲ್ಲಿ ಮೊದಲನೆಯವನು. ಹಾಗಾದರೆ ಆಗಸ್ಟ್‌ನಲ್ಲಿ 90 ಜನರಿಂದ 53ಕ್ಕೆ ಇಳಿಸುವಾಗ ಯಾರನ್ನು ಇಟ್ಟುಕೊಂಡರು, ಯಾರನ್ನು ಬಿಟ್ಟರು ಅನ್ನುವುದು ಸಣ್ಣ ವಿಷಯ ಅಲ್ಲವೇ ಅಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಟಿವಿ ಪ್ರಸಾರ ಸಾಕಾಗುವುದಿಲ್ಲ. ಈ ಚಂದಾಕ್ಕೆ ದುಡ್ಡು ಕೊಡುವುದು ಅದಕ್ಕಾಗಿಯೇ.

ಟಿವಿಯಲ್ಲಿ ಕ್ಯಾಮೆರಾ ಬಾಲ್ ಹಿಂದೆ ಹೋಗುತ್ತದೆ. ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಬಾಲ್ ಎಸೆಯುವವನು) ಎಸೆದ, ಕ್ಯಾಮೆರಾ ಹಿಡಿಯುವವನ ಕಡೆ ಓಡಿತು. ಅಷ್ಟರಲ್ಲಿ ಹಿಂದೆ ರನ್ನಿಂಗ್ ಬ್ಯಾಕ್ ಏನು ಮಾಡಿದ ಅನ್ನುವುದು ಹೋಗಿಯೇ ಬಿಟ್ಟಿತು. ಕೋಚ್ ವಿಡಿಯೋದಲ್ಲಿ ಪ್ರತಿ ಆಟ ಎರಡು ಕೋನದಿಂದ ಬರುತ್ತದೆ. ಮೊದಲು ಪಕ್ಕದ ಎತ್ತರದಿಂದ, ಆಮೇಲೆ ಮೈದಾನದ ತುದಿಯಲ್ಲಿರುವ ಎಂಡ್‌ಜೋನ್ ಹಿಂದಿನಿಂದ. ನನಗೆ ಬೇಕಾದದ್ದು ಈ ಎರಡನೆಯದು. ಅಲ್ಲಿಂದ ನೋಡಿದರೆ ಮುಂದೆ ನಿಂತು ದಾರಿ ಮಾಡಿಕೊಡುವ ಲೈನ್‌ನ ಐದು ಜನರ ನಡುವಿನ ಸಂದುಗಳು ರನ್ನಿಂಗ್ ಬ್ಯಾಕ್‌ಗೆ ಕಂಡ ಹಾಗೇ ನಮಗೂ ಕಾಣುತ್ತವೆ.

ಒಂದು ಪಾಸ್ ಆಟವನ್ನು ನಿಧಾನಗತಿಯಲ್ಲಿ ಹಾಕಿ ನೋಡಿ. ಮೂರನೇ ಡೌನ್, ಅಂದರೆ ಹತ್ತು ಯಾರ್ಡ್ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು, ಇನ್ನೂ ಎಂಟು ಯಾರ್ಡ್ ಬೇಕು. ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ನಿಂತಿದ್ದಾನೆ. ಬಾಲ್ ಹಿಂದಕ್ಕೆ ಬರುವ ಮೊದಲೇ ಅವನ ತಲೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗುತ್ತದೆ. ಯಾರು ನುಗ್ಗಬಹುದು ಅಂತ ಲೆಕ್ಕ ಹಾಕುತ್ತಿದ್ದಾನೆ. ಬಾಲ್ ಬಂತು. ಎದುರಾಳಿಯ ಒಳಗಿನ ಲೈನ್‌ಬ್ಯಾಕರ್ (ಅವರ ಲೈನ್ ಹಿಂದೆ ನಿಲ್ಲುವ ರಕ್ಷಣಾ ಆಟಗಾರ) ಒಂದು ಹೆಜ್ಜೆ ಮುಂದಿಟ್ಟು ನಿಂತ. ಹೊರಗಿನಿಂದ ಇನ್ನೊಬ್ಬ ನುಗ್ಗಿದ. ಈಗ ಇವನು ಒಳಗಿನವನನ್ನು ಮೊದಲು ನೋಡಿ, ಅವನು ಬರುವುದಿಲ್ಲ ಅಂತ ಖಚಿತ ಮಾಡಿಕೊಂಡು, ಕ್ವಾರ್ಟರ್‌ಬ್ಯಾಕ್ ಮುಂದಿನಿಂದ ದಾಟಿ ಹೊರಗಿನವನಿಗೆ ಅಡ್ಡ ನಿಲ್ಲಬೇಕು. ಕಾಲು ಅಗಲಿಸಿ, ಕೈ ಎದೆಗೆ ಹಚ್ಚಿ, ತನಗಿಂತ ಭಾರದವನನ್ನು ತಡೆಯಬೇಕು. ಇಷ್ಟಕ್ಕೆಲ್ಲ ಸಿಗುವುದು ಎರಡು ಮೂರು ಸೆಕೆಂಡ್. ಸರಿಯಾಗಿ ಮಾಡಿದರೆ ಅಂಕಿಅಂಶದಲ್ಲಿ ಅವನ ಹೆಸರಿನ ಮುಂದೆ ಏನೂ ಬರುವುದಿಲ್ಲ. ತಪ್ಪಿದರೆ ಕ್ವಾರ್ಟರ್‌ಬ್ಯಾಕ್ ಆಸ್ಪತ್ರೆಗೆ ಹೋಗಬಹುದು. ಕೋಚ್ ಯಾರನ್ನು ನಂಬುತ್ತಾನೆ ಅನ್ನುವುದು ಇಲ್ಲೇ ತೀರ್ಮಾನ ಆಗುವುದು.

ನಮ್ಮಣ್ಣನಿಗೆ ಇದನ್ನೆಲ್ಲ ಕೂರಿಸಿಕೊಂಡು ತೋರಿಸಿದೆ. ಅವನು ಸ್ಕೋರ್ ನೋಡಿ ಎದ್ದು ಹೋಗುವ ಗಿರಾಕಿ. “ಇವನು ಬಾಲೇ ಮುಟ್ಟಲಿಲ್ಲವಲ್ಲೋ, ಇವನನ್ನು ಯಾಕೆ ನೋಡ್ತಿದ್ದೀಯ?” ಅಂದ. “ಅಣ್ಣ, ಅವನ ಕಾಲು ಮಾತ್ರ ನೋಡು, ಬಾಲ್ ಬಿಡು” ಅಂದೆ. ಅದೇ ಆಟವನ್ನು ಹಿಂದಕ್ಕೆ ಹಾಕಿ ಹಾಕಿ ನೋಡಿದ ಮೇಲೆ ಅವನೇ ರಿಮೋಟ್ ಕಿತ್ತುಕೊಂಡ. ಈಗ ಪಂದ್ಯ ಮುಗಿದ ಮೇಲೂ ಕೂರುತ್ತಾನೆ.

ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ, ಎಷ್ಟನೇ ಸುತ್ತಿಗೆ ಆರಿಸಿದರು ಅನ್ನುವುದಕ್ಕೂ ಮೈದಾನಕ್ಕೆ ಯಾರು ಇಳಿಯುತ್ತಾರೆ ಅನ್ನುವುದಕ್ಕೂ ಸಂಬಂಧ ಎಷ್ಟು ಸಡಿಲ ಅನ್ನುವುದಕ್ಕೆ 2021ರ ಡೆಟ್ರಾಯಿಟ್ ಪಂದ್ಯ ನೋಡಬೇಕು. ಆ ವರ್ಷ ನಮ್ಮವರು ಮೂರನೇ ಸುತ್ತಿನಲ್ಲಿ ಟ್ರೇ ಸರ್ಮನ್‌ನನ್ನು, ಆರನೇ ಸುತ್ತಿನಲ್ಲಿ ಮಿಚೆಲ್‌ನನ್ನು ತೆಗೆದುಕೊಂಡಿದ್ದರು. ಮೊದಲ ಪಂದ್ಯದ ದಿನ ಸರ್ಮನ್‌ಗೆ ಗಾಯ ಏನೂ ಇರಲಿಲ್ಲ, ಆದರೂ ಜರ್ಸಿ ಕೊಡಲಿಲ್ಲ. ರಹೀಮ್ ಮೋಸ್ಟರ್ಟ್ ಎರಡೇ ಓಟಕ್ಕೆ ಮೊಣಕಾಲು ಹಿಡಿದುಕೊಂಡು ಹೊರನಡೆದ. ಆರನೇ ಸುತ್ತಿನ ಹುಡುಗ 19 ಓಟದಲ್ಲಿ 104 ಯಾರ್ಡ್ ಮತ್ತು ಒಂದು ಟಚ್‌ಡೌನ್ ತಂದ. ಆ ಸೀಸನ್ ಮುಗಿಯುವ ಹೊತ್ತಿಗೆ ಅವನ ಲೆಕ್ಕ 963 ಯಾರ್ಡ್. ಮರುವರ್ಷ ಸೀಸನ್ ಶುರುವಾಗುವ ಮೊದಲೇ ಸರ್ಮನ್‌ನನ್ನು ಬಿಟ್ಟರು. ಡ್ರಾಫ್ಟ್‌ನಲ್ಲಿ ಯಾರೂ ಕರೆಯದ ಮೇಸನ್‌ನನ್ನು ಉಳಿಸಿಕೊಂಡರು. ಮೂರನೇ ಸುತ್ತಿನ ಆಯ್ಕೆಯನ್ನು ಒಂದೇ ವರ್ಷಕ್ಕೆ ಬಿಡುವುದಕ್ಕೆ ಕೋಚ್ ಕೈಲ್ ಶಾನಹಾನ್‌ಗೂ ಜನರಲ್ ಮ್ಯಾನೇಜರ್ ಜಾನ್ ಲಿಂಚ್‌ಗೂ ಗಟ್ಟಿ ಮನಸ್ಸು ಬೇಕಿತ್ತು. ಅವರು ಮಾಡಿದ್ದು ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಈ ತಂಡದ ಓಟ ಹೆಚ್ಚಾಗಿ ಹೊರಗಿನ ಕಡೆಗೆ ಶುರುವಾಗುತ್ತದೆ. ಇಡೀ ಲೈನ್ ಒಂದೇ ದಿಕ್ಕಿಗೆ ಸರಿಯುತ್ತದೆ. ರನ್ನಿಂಗ್ ಬ್ಯಾಕ್ ಅದರ ಜೊತೆಗೇ ಹೋಗಿ, ಸಂದು ಕಂಡ ಕೂಡಲೇ ಒಂದೇ ಒಂದು ಹೆಜ್ಜೆ ಒತ್ತಿ ನೇರಕ್ಕೆ ನುಗ್ಗಬೇಕು. ಅಲ್ಲಿ ಇಲ್ಲಿ ಕುಣಿಯುವವರಿಗೆ ಜಾಗ ಇಲ್ಲ. ಎಂಡ್‌ಜೋನ್ ಕೋನದಿಂದ ನೋಡಿದರೆ ಆ ಹೆಜ್ಜೆ ಯಾವಾಗ ಬಿತ್ತು ಅನ್ನುವುದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಅರ್ಧ ಸೆಕೆಂಡ್ ತಡವಾದರೆ ಹಿಂದಿನಿಂದ ಬಂದವನು ಹಿಡಿದುಬಿಡುತ್ತಾನೆ. ಮೂರು ಯಾರ್ಡ್‌ನ ಓಟದಲ್ಲೂ ಆಟಗಾರ ಸರಿಯಾದುದನ್ನೇ ಮಾಡಿರಬಹುದು, ಲೈನ್ ಅಷ್ಟೇ ಬಿಟ್ಟುಕೊಟ್ಟಿರಬಹುದು. ಇದು ತಿಳಿದ ಮೇಲೆ ‘ಸರಾಸರಿ ಎಷ್ಟು ಯಾರ್ಡ್’ ಅನ್ನುವ ವಾದಗಳು ನನಗೆ ಸಪ್ಪೆ ಅನ್ನಿಸುತ್ತವೆ.

ಕಿಕ್ ಆಟಗಳ ವಿಡಿಯೋ ಕೂಡ ಇದೆ, ದಯವಿಟ್ಟು ಅದನ್ನು ಹಾರಿಸಬೇಡಿ. ಪಂದ್ಯದ ದಿನ 53ರಲ್ಲಿ ಹೆಚ್ಚೆಂದರೆ 48 ಜನಕ್ಕೆ ಜರ್ಸಿ, ಅದೂ ಎಂಟು ಮಂದಿ ಆಫೆನ್ಸಿವ್ ಲೈನ್‌ಮನ್‌ಗಳಿದ್ದರೆ ಮಾತ್ರ. ನಮ್ಮ ತಂಡದಲ್ಲಿ ಫುಲ್‌ಬ್ಯಾಕ್ (ಓಡುವವನಿಗೆ ಮುಂದೆ ದಾರಿ ಬಿಡಿಸುವವನು) ಕೈಲ್ ಯುಸ್ಚೆಕ್‌ಗೂ ಒಂದು ಜಾಗ ಹೋಗುತ್ತದೆ. ಹಾಗಿರುವಾಗ ಮೂರನೇ ರನ್ನಿಂಗ್ ಬ್ಯಾಕ್ ಸುಮ್ನೆ ಬೆಂಚ್ ಮೇಲೆ ಕೂರುವ ಹಾಗಿಲ್ಲ. ಕಿಕ್ಆಫ್‌ನಲ್ಲಿ ಓಡಿಹೋಗಿ ಎದುರಾಳಿಯನ್ನು ಕೆಡವಬೇಕು, ಪಂಟ್‌ನಲ್ಲಿ, ಅಂದರೆ ಬಾಲನ್ನು ಒದ್ದು ಎದುರಾಳಿಗೆ ಬಿಟ್ಟುಕೊಡುವಾಗ, ಒದೆಯುವವನನ್ನು ಕಾಪಾಡಬೇಕು. ಮೇಸನ್ 2022ರಲ್ಲಿ ಅನ್ನ ಗಿಟ್ಟಿಸಿಕೊಂಡದ್ದು ಹೆಚ್ಚಾಗಿ ಹೀಗೇ. ಮೋಸ್ಟರ್ಟ್ ಕತೆಯೂ ಇದೇ. ಈಗಲ್ಸ್, ಡಾಲ್ಫಿನ್ಸ್, ರೇವನ್ಸ್, ಬ್ರೌನ್ಸ್, ಜೆಟ್ಸ್, ಬೇರ್ಸ್ ಎಲ್ಲರೂ ಅವನನ್ನು ಬಿಟ್ಟಿದ್ದರು. ನಮ್ಮಲ್ಲಿ ಕಿಕ್ ಆಟಗಳಿಂದಲೇ ಕಾಲೂರಿದ. 2020ರ ಜನವರಿಯಲ್ಲಿ ಎನ್‌ಎಫ್‌ಸಿ (ಲೀಗ್‌ನ ಎರಡು ವಿಭಾಗಗಳಲ್ಲಿ ಒಂದು) ಫೈನಲ್‌ನಲ್ಲಿ ಟೆವಿನ್ ಕೋಲ್‌ಮನ್ ಗಾಯಗೊಂಡಾಗ ಪ್ಯಾಕರ್ಸ್ ವಿರುದ್ಧ 220 ಯಾರ್ಡ್, ನಾಲ್ಕು ಟಚ್‌ಡೌನ್. ಆ ಪಂದ್ಯವನ್ನು ಬೇಸರವಾದಾಗಲೆಲ್ಲ ಹಾಕಿಕೊಂಡು ನೋಡುತ್ತೇನೆ.

ಈಗ ಕೊರತೆಗಳು. ದೊಡ್ಡದು ಒಂದೇ, ಆದರೆ ನಿಜಕ್ಕೂ ದೊಡ್ಡದು. ತಂಡ ಯಾರನ್ನು ಉಳಿಸಿಕೊಳ್ಳಬೇಕು ಅಂತ ನಿರ್ಧರಿಸುವುದು ಆಗಸ್ಟ್‌ನ ಪ್ರಿಸೀಸನ್ (ಸೀಸನ್‌ಗೆ ಮುಂಚಿನ ಅಭ್ಯಾಸ) ಪಂದ್ಯಗಳನ್ನು ನೋಡಿ. ನಾನು ಕಟ್ಟಿದ ಚಂದಾದಲ್ಲಿ ಆ ಪಂದ್ಯಗಳಿಗೆ ಕೋಚ್ ವಿಡಿಯೋ ಸಿಗಲಿಲ್ಲ. ಟಿವಿ ಪ್ರಸಾರದ ಮರುಪ್ರಸಾರ ಮಾತ್ರ. ನಾಲ್ಕನೇ ಕ್ವಾರ್ಟರ್‌ನಲ್ಲಿ ಕೆಲಸ ಉಳಿಸಿಕೊಳ್ಳಲು ಒಬ್ಬ ಹುಡುಗ ಜೀವ ಬಿಟ್ಟು ಬ್ಲಿಟ್ಸ್ (ಕ್ವಾರ್ಟರ್‌ಬ್ಯಾಕ್ ಮೇಲೆ ಹೆಚ್ಚು ಜನ ನುಗ್ಗುವುದು) ತಡೆಯುತ್ತಿರುತ್ತಾನೆ, ಪರದೆ ಮೇಲೆ ಬದಿಯಲ್ಲಿ ನಿಂತ ಸ್ಟಾರ್ ಆಟಗಾರನ ಸಂದರ್ಶನ ನಡೆಯುತ್ತಿರುತ್ತದೆ. ಹೊಟ್ಟೆ ಉರಿಯುತ್ತದೆ. ರೋಸ್ಟರ್ (ತಂಡದ ಆಟಗಾರರ ಪಟ್ಟಿ) ಕಟ್ಟುವುದನ್ನು ನೋಡಲು ಬಯಸುವವರಿಗೆ ಇದು ಅತಿ ಮುಖ್ಯವಾದ ತಿಂಗಳು, ಅದರಲ್ಲೇ ಸೇವೆ ತೀರಾ ತೆಳು. ಸಹಾಯವಾಣಿಗೆ ಬರೆದೆ. ‘ನಿಮ್ಮ ಸಲಹೆಗೆ ಧನ್ಯವಾದ’ ಅಂತ ಉತ್ತರ ಬಂತು, ಅಷ್ಟೇ.

ಆಟಗಾರನ ಹೆಸರು ಹಾಕಿ ಹುಡುಕುವ ಸೌಲಭ್ಯವೂ ಇಲ್ಲ. ಗೆರೆಂಡೋ ಮೈದಾನದಲ್ಲಿದ್ದ ಆಟಗಳಷ್ಟೇ ಬೇಕು ಅಂದರೆ ಇಡೀ ಪಂದ್ಯ ಓಡಿಸಬೇಕು. ನಾನು ಜರ್ಸಿ ನಂಬರ್ ನೋಡಿ ಕಾಗದದ ಮೇಲೆ ಹೊತ್ತು ಬರೆದಿಟ್ಟುಕೊಳ್ಳುತ್ತೇನೆ. ಮುಖಪುಟದಲ್ಲಿ ಸ್ಕೋರ್ ಮುಚ್ಚಿಡುವ ಆಯ್ಕೆ ಇದೆ, ಅದನ್ನು ಮೊದಲ ದಿನವೇ ಒತ್ತಿಬಿಡಿ.

ಇಷ್ಟಾದರೂ ಮುಂದಿನ ಸೀಸನ್‌ಗೂ ಚಂದಾ ಕಟ್ಟುತ್ತೇನೆ. ಬದಲಾವಣೆಗಳನ್ನು ಹಿಂಬಾಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನ್ನ ಕೈಗೆ ಸಿಕ್ಕಿಲ್ಲ. 2025ರ ಮಾರ್ಚ್‌ನಲ್ಲಿ ಮೇಸನ್‌ನನ್ನು ವೈಕಿಂಗ್ಸ್‌ಗೆ ಕೊಟ್ಟಾಗ ನನಗೆ ತುಂಬಾ ನೋವಾಯಿತು. ಹಿಂದಿನ ವರ್ಷ 789 ಯಾರ್ಡ್ ಓಡಿದವನು. ಆಮೇಲೆ ಡ್ರಾಫ್ಟ್‌ನ ಐದನೇ ಸುತ್ತಿನಲ್ಲಿ ಜೋರ್ಡನ್ ಜೇಮ್ಸ್ ಬಂದ. ಅದೂ ಸಾಲದು ಅನ್ನಿಸಿರಬೇಕು, ಆಗಸ್ಟ್‌ನಲ್ಲಿ ವಾಷಿಂಗ್ಟನ್‌ಗೆ ಡ್ರಾಫ್ಟ್‌ನ ಆರನೇ ಸುತ್ತಿನ ಆಯ್ಕೆಯ ಹಕ್ಕು ಕೊಟ್ಟು ಬ್ರಯಾನ್ ರಾಬಿನ್ಸನ್‌ನನ್ನು ತಂದರು. ಯಾಕೆ ತಂದರು ಅಂತ ತಿಳಿಯಲು ನಾನು ಮಾಡಿದ್ದು ಅವನ ವಾಷಿಂಗ್ಟನ್ ದಿನಗಳ ಪಂದ್ಯಗಳನ್ನು ಹಾಕಿ ಎಂಡ್‌ಜೋನ್ ಕೋನದಿಂದ ನೋಡಿದ್ದು. ಗಟ್ಟಿ ಮೈಕಟ್ಟು, ಮೊದಲ ಡಿಕ್ಕಿಗೆ ಬೀಳದೆ ಮುಂದಕ್ಕೇ ಬೀಳುವ ಓಟ. ಮೆಕ್ಯಾಫ್ರಿಗೆ ಉಸಿರು ತೆಗೆದುಕೊಳ್ಳಲು ಬಿಡುವು ಕೊಡಬೇಕಾದರೆ ಇಂಥವನೇ ಬೇಕು ಅಂತ ನನಗೆ ಮನವರಿಕೆಯಾಯಿತು. ಹಳೆಯ ಸೀಸನ್‌ಗಳ ವಿಡಿಯೋವನ್ನೂ ಇಟ್ಟಿರುವುದು ಈ ಸೇವೆಯ ಅತಿ ದೊಡ್ಡ ಗುಣ.

ಬರೀ ನೇರಪ್ರಸಾರ ನೋಡುವವರು ವಾರದ ಅಥವಾ ತಿಂಗಳ ಚಂದಾ ತೆಗೆದುಕೊಳ್ಳಿ, ಸಾಕು. ನನ್ನ ಹಾಗೆ ಎರಡನೇ ಸಾಲಿನವರನ್ನು ನೋಡುವವರು ಇಡೀ ಸೀಸನ್‌ನದೇ ತೆಗೆದುಕೊಳ್ಳಿ, ಆದರೆ ಆಗಸ್ಟ್‌ನಲ್ಲಿ ಅವಸರ ಬೇಡ. ಸೆಪ್ಟೆಂಬರ್‌ನ ಮೊದಲ ಪಂದ್ಯಕ್ಕೆ ಕಟ್ಟಿದರೂ ಏನೂ ತಪ್ಪಿಹೋಗುವುದಿಲ್ಲ. ಕಟ್ಟುವ ಮೊದಲು ಮಾತ್ರ ಒಂದನ್ನು ಕೇಳಿ ಖಚಿತಪಡಿಸಿಕೊಳ್ಳಿ: ಎಂಡ್‌ಜೋನ್ ಕೋನ ಇದೆಯಾ, ಇಲ್ಲವಾ? ಪಕ್ಕದ ಕೋನ ಒಂದೇ ಇದ್ದರೆ ರನ್ನಿಂಗ್ ಬ್ಯಾಕ್ ನೋಡಲು ಅದು ಸಾಲುವುದಿಲ್ಲ.